ಮಣ್ಣಿನೊಳಗೆ ದ್ರಾಕ್ಷಿ ಬಿಡುವ ಸೀಮೆ

ನಮ್ಮ ಪುಟ್ಟಿ ಮಾತಾಡಿದಳು!

ಮೊದಲು ಇದನ್ನು ಹೇಳಿಬಿಡಬೇಕು, ಉಳಿದದ್ದೆಲ್ಲ ಆಮೇಲೆ. ನಾಲ್ಕು ತುಂಬಿ ಐದಕ್ಕೆ ಬಿದ್ದರೂ ಅವ್ವ ಅನ್ನದ, ಅಪ್ಪ ಅನ್ನದ, ಹಸಿವಾದರೆ ತಟ್ಟೆ ತೋರಿಸಿ, ನೋವಾದರೆ ಮುಖ ಕಿವುಚಿ, ಬೇಡವಾದರೆ ತಲೆ ಅಲ್ಲಾಡಿಸಿ ದಿನ ಕಳೆಯುತ್ತಿದ್ದ ನನ್ನ ಚಿಕ್ಕ ಮೊಮ್ಮಗಳು ಈವತ್ತು ಮಧ್ಯಾಹ್ನ ನಮ್ಮ ಮನೆಯ ಪಡಸಾಲೆಯಲ್ಲಿ ಬಾಯಿ ತೆರೆದು ಮಾತಾಡಿದಳು. ಒಂದೇ ಮಾತು. ಆದರೆ ಎಂಥ ಮಾತು! ಮಾಡದಕೆರೆಯ ನಮ್ಮ ಬೀದಿಯಲ್ಲಿ ಒಂದು ಮನೆ ಬಿಡದೆ ಸಕ್ಕರೆ ಹಂಚಿ ಬಂದೆ. ಚಪ್ಪಲಿ ಹಾಕಿಕೊಂಡಿದ್ದೆನೋ ಇಲ್ಲವೋ ನೆನಪಿಲ್ಲ. ಡಬ್ಬ ಖಾಲಿಯಾಗಿ ಸಂಜೆಯ ಪಾಯಸಕ್ಕೆ ಬೆಲ್ಲವೇ ಗತಿಯಾಯಿತು.

ಅವಳು ಆಡಿದ ಮಾತನ್ನು ನಾನು ಕಲಿತದ್ದು ಧರ್ಮಪುರದ ಕಡೆಯ ನನ್ನ ತವರೂರಿನಲ್ಲಿ, ಒಬ್ಬ ಮುದುಕಿಯಿಂದ. ಆ ಮುದುಕಿಯ ವಿಷಯ ಹೇಳದೆ ನನ್ನ ಈ ಸಂತೋಷ ಪೂರ್ತಿ ಆಗುವುದಿಲ್ಲ. ಶಾಲೆಗೆ ನಾನು ಹೋದದ್ದು ಕಡಿಮೆ. ಬರೆಯುವಾಗ ಹಿಂದಿನದು ಮುಂದೆ, ಮುಂದಿನದು ಹಿಂದೆ ಆದರೆ ಓದುವವರು ಸುಧಾರಿಸಿಕೊಳ್ಳಬೇಕು.

ನಿನ್ನೆ ಸಂಜೆ ನನ್ನ ತಮ್ಮ ತವರಿನಿಂದ ಒಂದು ಚೀಲ ಬಿತ್ತನೆ ಶೇಂಗಾ ಕಳಿಸಿದ್ದ. ನನ್ನ ಮಗ ಹಿರಿಯೂರಿನ ಕಡೆ ಓಡಾಡುವ ಬಸ್ಸಿನಲ್ಲಿ ಕಂಡಕ್ಟರು. ಅವನೇ ಬಸ್ಸಿಗೆ ಹಾಕಿಸಿಕೊಂಡು ತಂದ. ಈವತ್ತು ಬೆಳಿಗ್ಗೆ ಚೀಲದ ಬಾಯಿ ಬಿಚ್ಚಿದೆ ನೋಡಿ... ಒಣಗಿದ ಸಿಪ್ಪೆಯ ವಾಸನೆ, ಅದರೊಳಗೆ ನಮ್ಮ ಕೆಂಪು ಮಣ್ಣಿನ ವಾಸನೆ, ಅದಕ್ಕೂ ಒಳಗೆ ಹಸಿ ಎಣ್ಣೆಯ ಒಂದು ಸಣ್ಣ ಸಿಹಿ. ಚೀಲದೊಳಗೆ ಮುಖ ಇಟ್ಟುಕೊಂಡು ಹಾಗೇ ಕೂತುಬಿಟ್ಟೆ.

“ಏನೇ ಇವಳೇ, ಚೀಲದಾಗೆ ಏನು ಕಳ್ಕಂಡಿದೀಯಾ?” ಅಂದರು ನಮ್ಮ ಯಜಮಾನರು.

ನನ್ನ ಕಣ್ಣ ಮುಂದೆ ಆಗಲೇ ಬೀಜದಜ್ಜಿ ಬಂದು ಕೂತಿದ್ದಳು.

ಬೀಜದಜ್ಜಿ ಅನ್ನುವುದು ಊರಿನ ಮಕ್ಕಳು ಇಟ್ಟ ಹೆಸರು. ನಮ್ಮ ಪಕ್ಕದ ಮನೆಯವಳು. ಆಂಧ್ರದ ಕಡೆಯಿಂದ ನಮ್ಮೂರಿಗೆ ಸೊಸೆಯಾಗಿ ಬಂದಿದ್ದಳು. ಗಂಡ ಬೇಗ ತೀರಿಕೊಂಡ, ಮಕ್ಕಳಾಗಲಿಲ್ಲ, ಆದರೂ ತವರಿಗೆ ವಾಪಸ್ಸು ಹೋಗದೆ ನಮ್ಮೂರಲ್ಲೇ ಉಳಿದಳು. ಕನ್ನಡ ಮಾತಾಡುತ್ತ ಮಾತಾಡುತ್ತ ತೆಲುಗಿಗೆ ಜಾರುವಳು, ಜಾರಿದ್ದು ತನಗೇ ಗೊತ್ತಾಗದೆ ಮತ್ತೆ ಕನ್ನಡಕ್ಕೆ ಹತ್ತುವಳು. ನಮ್ಮ ಕಡೆ ಅದೊಂದು ದೊಡ್ಡ ವಿಷಯವಲ್ಲ. ಗಡಿ ಅಂದರೆ ಹೊಲದ ಬದುವಿನ ಹಾಗೆ. ದನ ದಾಟುತ್ತವೆ, ಮಾತೂ ದಾಟುತ್ತದೆ. ಒಣಕಲು ಮೈ, ಕಿವಿಯ ದೊಡ್ಡ ತೂತಿನಲ್ಲಿ ಓಲೆಯ ಬದಲು ಬೇವಿನ ಕಡ್ಡಿ. ಬಲಗೈ ಹೆಬ್ಬೆರಳಿನ ಉಗುರು ಮಾತ್ರ ದನದ ಗೊರಸಿನ ಹಾಗೆ ದಪ್ಪ. ಜೀವಮಾನವೆಲ್ಲ ಶೇಂಗಾ ಸುಲಿದ ಉಗುರು ಅದು.

ಮುಂಗಾರಿಗೆ ಮುಂಚೆ ಊರಿನ ದೊಡ್ಡಮನೆಯ ಹಜಾರದಲ್ಲಿ ಬಿತ್ತನೆ ಶೇಂಗಾ ರಾಶಿ ಬೀಳುತ್ತಿತ್ತು. ಹೆಂಗಸರು, ಮಕ್ಕಳು ಸುತ್ತ ಕೂತು ಕೈಯಲ್ಲೇ ಸುಲಿಯಬೇಕು. ಬೀಜದ ಮೇಲಿನ ಕೆಂಪು ಪೊರೆ ಹರಿಯಬಾರದು, ಬೀಜ ಎರಡು ಹೋಳಾಗಬಾರದು. ಹೋಳಾದದ್ದು ಹುಟ್ಟುವುದಿಲ್ಲ, ಚಟ್ನಿಗೆ ಹೋಗುತ್ತದೆ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಸಿಪ್ಪೆಯ ಚಟಚಟ ಸದ್ದು... ಮಕ್ಕಳ ಕೈ ಒಂದು ಬೀಜ ಮೊರಕ್ಕೆ ಹಾಕಿದರೆ ಇನ್ನೊಂದನ್ನು ಬಾಯಿಗೆ ಹಾಕುತ್ತಿತ್ತು. ಹಸಿ ಬೀಜ ಹೊಟ್ಟೆ ತುಂಬ ತಿಂದು ರಾತ್ರಿ ನರಳಿದವರೂ ಉಂಟು. ಅದಕ್ಕೆ ದೊಡ್ಡಮನೆಯ ಅಮ್ಮನವರು ನಮ್ಮ ಬಾಯಿ ಕಾಯುವ ಕೆಲಸಕ್ಕೆ ಈ ಅಜ್ಜಿಯನ್ನು ಕೂರಿಸಿದರು.

ಅಜ್ಜಿ ಕೋಲು ಹಿಡಿಯಲಿಲ್ಲ. ಬೈಯಲೂ ಇಲ್ಲ. ಕತೆ ಶುರು ಮಾಡಿದಳು.

ಕತೆಗೆ ಯಾರಾದರೂ ಹೂಂಗುಟ್ಟಬೇಕು, ಅದು ಎಲ್ಲ ಕಡೆಯ ಪದ್ಧತಿ. ನಾವೂ ಹೂಂ ಹೂಂ ಅಂದೆವು. ಮೊದಲ ದಿನ ಸಂಜೆ ಅಳೆದು ನೋಡಿದರೆ ಬೀಜ ಎಂದಿಗಿಂತ ಕಡಿಮೆ! ದೊಡ್ಡಮನೆಯ ಅಮ್ಮ ಅಜ್ಜಿಯ ಮುಖ ನೋಡಿದರು, ಅಜ್ಜಿ ನಮ್ಮ ಮುಖ ನೋಡಿದಳು. ಮಾರನೆಯ ದಿನ ಕೂತ ತಕ್ಷಣ ಹೊಸ ಕಟ್ಟಳೆ ಹೊರಟಿತು.

“ಈವತ್ತಿನಿಂದ ಹೂಂ ನಡೆಯಲ್ಲ.”

“ಯಾಕಜ್ಜಿ?”

“ಹೂಂ ಅನ್ನಾಕೆ ಬಾಯಿ ತೆಗೀಬೇಕೇನ್ರೇ? ಮುಚ್ಕಂಡೇ ಅನ್ನಬೌದು. ಒಳಗೆ ಎಷ್ಟು ಬೀಜ ಅವೆ ಅಂತ ನಂಗೆಂಗೆ ಗೊತ್ತಾಗ್ತೈತೆ? ‘ಆಮ್ಯಾಲೆ?’ ಅನ್ರಿ. ಬಾಯಿ ತುಂಬ ಅನ್ರಿ. ತೆರೆದ ಬಾಯಾಗೆ ನಾನು ನೋಡ್ಕಂತೀನಿ.”

ಬಾಯಲ್ಲಿ ಬೀಜ ಇಟ್ಟುಕೊಂಡು ‘ಆಮ್ಯಾಲೆ’ ಅಂದು ನೋಡಿ. ‘ಆ’ ಅನ್ನುವಷ್ಟರಲ್ಲೇ ಅರ್ಧ ಬೀಜಗಳು ಮಡಿಲಿಗೆ ಬಿದ್ದಿರುತ್ತವೆ. ನಮ್ಮ ಕಳ್ಳತನಕ್ಕೆ ಅವತ್ತೇ ಬೀಗ ಬಿತ್ತು.

ಅದಕ್ಕೆ ಇನ್ನೊಂದು ಗಂಟೂ ಹಾಕಿದಳು. ಆಮ್ಯಾಲೆ ಅನ್ನುವವರಿಲ್ಲದಿದ್ದರೆ ಕತೆಯಲ್ಲಿದ್ದ ಜನ ಇದ್ದ ಹಾಗೇ ನಿಂತುಬಿಡಬೇಕು. ಕುದುರೆ ಹತ್ತುವವನ ಒಂದು ಕಾಲು ನೆಲದ ಮೇಲೆ, ಇನ್ನೊಂದು ಗಾಳಿಯಲ್ಲಿ. ಸೀನು ಬಂದವನ ಮೂಗು ಮೇಲಕ್ಕೆ. ಪಾಪ, ಅವರೆಲ್ಲ ಹಾಗೇ ಕಾಯುತ್ತಾರೆ, ನಾವು ಬಾಯಲ್ಲಿದ್ದದ್ದನ್ನು ನುಂಗುವವರೆಗೆ!

ಕತೆ ನಡುಸೀಮೆ ಅನ್ನುವ ನಾಡಿನದು. ಅಂಥ ನಾಡು ಭೂಮಿಯ ಮೇಲೆ ಎಲ್ಲೂ ಇಲ್ಲ. ಅವಳೇ ಕಟ್ಟಿದ್ದು. ಮೂಡಲ ಕಡೆ ಒಬ್ಬ ರಾಜ, ಪಡುವಲ ಕಡೆ ಒಬ್ಬ ರಾಜ, ಇಬ್ಬರ ನಡುವೆ ಈ ಸಣ್ಣ ಗಡಿನಾಡು. ಅದಕ್ಕೊಂದು ಗುಡ್ಡ, ಗುಡ್ಡಕ್ಕೊಂದು ಕೋಟೆ. ಅಜ್ಜಿ ಜೀವನದಲ್ಲಿ ಒಂದೇ ಸಲ ದುರ್ಗದ ಕೋಟೆ ನೋಡಿ ಬಂದಿದ್ದಳು. “ದುರ್ಗದ್ದು ಏಳು ಸುತ್ತು. ಇದು ಎಂಟು” ಅನ್ನುತ್ತಿದ್ದಳು. ಒಂದು ಸುತ್ತು ಹೆಚ್ಚು ಇರಲಿ ಅಂತ! ನಡುಸೀಮೆಯನ್ನು ಆಳುವವಳು ಒಬ್ಬ ದೊರೆಸಾನಿ. ಅವಳ ಬಲಗೈ ಹೆಬ್ಬೆರಳಿನ ಉಗುರೂ ದಪ್ಪ ಅಂತೆ. ನಾವು ಅಜ್ಜಿಯ ಕೈ ನೋಡಿ ಒಳಗೊಳಗೇ ನಗುತ್ತಿದ್ದೆವು.

ಅಲ್ಲಿನ ಗಡಿಕಲ್ಲುಗಳಿಗೆ ಕಾಲಿದ್ದವು. ಬಿಸಿಲು ಜಾಸ್ತಿಯಾದರೆ ನೆರಳು ಹುಡುಕಿಕೊಂಡು ಆ ಕಡೆ ಹೋಗುವವು, ಚಳಿಯಾದರೆ ಈ ಕಡೆ ಬರುವವು. ಮೂಡಲ ರಾಜನ ಪ್ರಜೆಯಾಗಿ ಮಲಗಿದವನು ಏಳುವಷ್ಟರಲ್ಲಿ ಪಡುವಲ ರಾಜನ ಪ್ರಜೆ. ಅದಕ್ಕೇ ಆ ನಾಡಿನ ಕೂಸುಗಳಿಗೂ ಎರಡು ಮಾತು ಬರುತ್ತಿತ್ತು. ಬೆಳಿಗ್ಗೆ ಎದ್ದು ಕಲ್ಲು ಎಲ್ಲಿದೆ ನೋಡಿ ಯಾವ ಮಾತು ಆಡಬೇಕು ಅಂತ ತೀರ್ಮಾನ ಮಾಡುತ್ತಿದ್ದರಂತೆ.

ಮತ್ತೆ ದ್ರಾಕ್ಷಿ. ನಡುಸೀಮೆಯವರ ಬೆಳೆಯೆಲ್ಲ ದ್ರಾಕ್ಷಿಯೇ. ನಮ್ಮಜ್ಜಿಯೋ ದ್ರಾಕ್ಷಿ ಬಳ್ಳಿಯನ್ನು ಕಂಡವಳೇ ಅಲ್ಲ. ದೊಡ್ಡಮನೆಯ ಮದುವೆಯ ಪಾಯಸದಲ್ಲಿ ಒಣದ್ರಾಕ್ಷಿ ನೋಡಿದ್ದಳು, ಅಷ್ಟೇ. ಆ ಸುಕ್ಕು, ಆ ಕಂದು ಬಣ್ಣ, ಬಾಯಿಗೆ ಹಾಕಿದರೆ ಆ ಸಿಹಿ... ಇಂಥದ್ದು ಮಣ್ಣಿನೊಳಗಲ್ಲದೆ ಇನ್ನೆಲ್ಲಿ ಬೆಳೆದೀತು? ಹಾಗಾಗಿ ನಡುಸೀಮೆಯ ದ್ರಾಕ್ಷಿ ಶೇಂಗಾದ ಹಾಗೆ ನೆಲದೊಳಗೆ ಬಿಡುತ್ತಿತ್ತು. ಮಳೆ ಬಿದ್ದು ನೆಲ ಮೆತ್ತಗಾದ ಮೇಲೆ ಹೆಂಗಸರು ಸಾಲಾಗಿ ಬಗ್ಗಿ ಗಿಡ ಹಿಡಿದು ಎಳೆಯುತ್ತಿದ್ದರು. ಬೇರಿನ ತುಂಬ ಗೊಂಚಲು! ಕೊಡವಿದರೆ ಮಣ್ಣು ಉದುರಿ ಒಂದೊಂದು ಹಣ್ಣೂ ಫಳಫಳ ಅನ್ನುವುದು. ಆರಿಸಿಕೊಳ್ಳಲು ಹಿಂದೆ ಮಕ್ಕಳು. ಹೊಲದಲ್ಲಿ ಉಳಿದದ್ದು ಹಂದಿಗೆ, ಇಲಿಗೆ. ನಮಗ್ಯಾರಿಗೂ ಒಂದು ಚೂರೂ ಅನುಮಾನ ಬರಲಿಲ್ಲ. ದ್ರಾಕ್ಷಿ ಕೀಳುವುದು ಅಂದರೆ ನಮಗೆ ಬೆನ್ನು ನೋಯುವ ಕೆಲಸ.

ಆ ಹಣ್ಣಿನಿಂದ ದ್ರಾಕ್ಷಿ ಹೆಂಡ ಮಾಡಿ, ಕತ್ತಿನವರೆಗೆ ಹೂತ ಕೊಡಗಳಲ್ಲಿ ಇಡುತ್ತಿದ್ದರು. ಅದನ್ನು ಕುಡಿದವನಿಗೆ ತಾನು ಯಾವ ಕಡೆಯವನು ಅನ್ನುವುದು ಮರೆತುಹೋಗುತ್ತಿತ್ತಂತೆ. ಇಬ್ಬರು ರಾಜರಿಗೂ ಅದರ ಮೇಲೆ ಆಸೆ, ಅದರದೇ ಹೆದರಿಕೆ. ಮೊದಲು ದಂಡು ಕಳಿಸಿದರು. ದಂಡಿನವರು ಬಂದು ಗಿಡಗಳನ್ನೆಲ್ಲ ಮೇಲಿಂದ ನೋಡಿದರು. ಬರೀ ಎಲೆ. “ಇಲ್ಲೇನೂ ಬೆಳೆಯಲ್ಲ ಸ್ವಾಮಿ, ದನದ ಮೇವು” ಅಂತ ವಾಪಸ್ಸು ಹೋದರು. ಇಲ್ಲಿ ಅಜ್ಜಿ ಚಪ್ಪಾಳೆ ಹೊಡೆದು ನಗುತ್ತಿದ್ದಳು, ತನ್ನ ಸ್ವಂತ ಹೊಲ ಉಳಿದ ಹಾಗೆ.

ಆಮೇಲೆ ರಾಜರೇ ಬಂದರು. ಇಬ್ಬರೂ ಒಂದೇ ದಿನ. ಆ ವರ್ಷದ ಮೊದಲ ಕೊಡ ಒಂದೇ ಒಂದು, ಬಟ್ಟಲು ಎರಡು. ಈ ಕಡೆಯವನಿಗೆ ಮೊದಲು ಬಗ್ಗಿಸಿದರೆ ಆ ಕಡೆಯವನ ಕತ್ತಿ, ಆ ಕಡೆಯವನಿಗೆ ಬಗ್ಗಿಸಿದರೆ ಈ ಕಡೆಯವನ ಕತ್ತಿ. ದೊರೆಸಾನಿ ಗಡಿಕಲ್ಲಿನ ಪಕ್ಕ ನಿಂತು ಕೊಡ ಎತ್ತಿದಳು... ಬಗ್ಗಿಸಿದಳು... ಹೆಂಡ ಕೊಡದ ಬಾಯಿಗೆ ಬಂತು...

ಅಲ್ಲಿಗೆ ನಿಲ್ಲಿಸಿ ಅಜ್ಜಿ ನಮ್ಮ ಮುಖ ನೋಡುವಳು. ತನ್ನ ಎರಡು ಕೈಯನ್ನೂ ಕೊಡ ಹಿಡಿದ ಹಾಗೇ ಓರೆಯಾಗಿ ಹಿಡಿದಿರುವಳು. “ಆಮ್ಯಾಲೆ? ಆಮ್ಯಾಲೆ ಅಜ್ಜಿ?” ಅಂತ ಹಜಾರವೇ ಹಾರಿಹೋಗುವ ಹಾಗೆ ಕೂಗುತ್ತಿದ್ದೆವು.

ಆಮೇಲೆ ಏನಾಗುತ್ತಿತ್ತು ಅನ್ನುವುದು ಆಯಾ ವರ್ಷದ ಅವಳ ಮನಸ್ಸಿನ ಮೇಲೆ. ಒಂದು ವರ್ಷ ದೊರೆಸಾನಿ ಹೆಂಡವನ್ನೆಲ್ಲ ನೆಲಕ್ಕೆ ಚೆಲ್ಲಿದಳು. ಇನ್ನೊಂದು ವರ್ಷ ಗಡಿಕಲ್ಲಿಗೆ ಕುಡಿಸಿದಳು. ಕಲ್ಲು ಅಮಲೇರಿ ಎತ್ತಲೋ ನಡೆದುಹೋಯಿತು, ಗಡಿ ಎಲ್ಲಿದೆ ಅಂತ ಹುಡುಕುತ್ತ ರಾಜರಿಬ್ಬರೂ ಅದರ ಹಿಂದೆ ಹೋದರು. ನನಗೆ ಇಷ್ಟವಾದದ್ದು ಮಾತ್ರ ಬೇರೆ. ಅದನ್ನು ಕೊನೆಗೆ ಹೇಳುತ್ತೇನೆ.

ನನ್ನ ಮದುವೆಯಾಗಿ ಹೊಸದುರ್ಗದ ಈ ಕಡೆಗೆ ಬಂದ ಹೊಸದರಲ್ಲಿ ಯಜಮಾನರ ಜೊತೆ ಹಿರಿಯೂರಿಗೆ ಹೋಗಿ ಬಸ್ಸು ಇಳಿದು ನಡೆಯುವಾಗ ದಾರಿಯಲ್ಲಿ ಒಂದು ತೋಟ ಕಂಡಿತು. ಚಪ್ಪರ ಹಾಕಿ ಬಳ್ಳಿ ಹಬ್ಬಿಸಿದ್ದರು. ತಲೆಯ ಮೇಲೆ ಗೊಂಚಲು ಗೊಂಚಲಾಗಿ ಏನೋ ಜೋತಾಡುತ್ತಿತ್ತು. “ಅದೇನ್ರೀ?” ಅಂತ ಕೇಳಿದೆ. “ದ್ರಾಕ್ಷಿ ಕಣೆ. ನೋಡಿಲ್ವಾ?” ಅಂದರು. ನಾನು ದಾರಿಯಲ್ಲೇ ನಿಂತುಬಿಟ್ಟೆ. ಅಷ್ಟು ಹೊತ್ತು ನಿಂತೆನೆಂದರೆ, ಹೊಸ ಹೆಂಡತಿಗೆ ಏನೋ ಆಯಿತು ಅಂತ ಅವರು ಹೆದರಿದರು. ಆಮೇಲೆ ನಗು ಬಂತು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕೆ. ನಗುತ್ತಾ ನಗುತ್ತಾ ಯಾಕೋ ಕಣ್ಣಲ್ಲಿ ನೀರೂ ಬಂತು.

ಮುಂದಿನ ಸಲ ತವರಿಗೆ ಹೋದಾಗ ಒಂದು ಗೊಂಚಲು ತೆಗೆದುಕೊಂಡು ಹೋದೆ. ಅಜ್ಜಿಯ ಅಂಗೈಯಲ್ಲಿಟ್ಟು, “ಅಜ್ಜಿ, ಇದು ದ್ರಾಕ್ಷಿ. ಮಣ್ಣೊಳಗೆ ಬಿಡಲ್ಲ ಕಣಜ್ಜಿ, ಮೇಲೆ ಬಿಡ್ತೈತೆ. ಚಪ್ಪರದಾಗೆ ಜೋತಾಡ್ತೈತೆ. ನಾನೇ ಕಣ್ಣಾರೆ ನೋಡ್ದೆ” ಅಂದೆ.

ಅಜ್ಜಿ ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡಳು. ಕಣ್ಣು ಮುಚ್ಚಿದಳು. ಬೀಜವನ್ನು ಅಂಗೈಗೆ ಉಗಿದು, ಹೆಬ್ಬೆರಳಿನ ಉಗುರಿನಿಂದ ಹೊರಳಿಸಿ ಹೊರಳಿಸಿ ನೋಡಿದಳು. ಆಮೇಲೆ ನನ್ನ ತಲೆಗೊಂದು ಮೊಟಕಿದಳು.

“ಪಿಚ್ಚಿ, ಹುಚ್ಚಿ! ಮೇಲೆ ಬಿಟ್ರೆ ದಂಡಿನೋರು ಕಿತ್ಕಂಡು ಹೋಗಲ್ವೇನೆ? ಇದು ನಿನ್ನ ಗಂಡನೂರ ದ್ರಾಕ್ಷಿ. ಎಲ್ಲಾರಿಗೂ ಕಾಣಂಗೆ ಇಂಗೆ ಜೋತಾಕ್ಕಂಡು ಬೆಳೆಯಾಕೆ ನಡುಸೀಮೆ ಜನಕ್ಕೇನು ಹುಚ್ಚು ಹಿಡ್ದೈತಾ?”

ಅವಳು ಹೇಳಿದ್ದು ಸರಿಯಾಗೇ ಇತ್ತು. ಮೇಲೆ ಬಿಟ್ಟಿದ್ದರೆ ನಡುಸೀಮೆ ಮೊದಲ ವರ್ಷವೇ ಹಾಳಾಗುತ್ತಿತ್ತು. ಗೊಂಚಲಿನಲ್ಲಿ ಉಳಿದದ್ದನ್ನು ಬೀದಿಯ ಮಕ್ಕಳನ್ನೆಲ್ಲ ಕರೆದು ಒಂದೊಂದೇ ಹಂಚಿದಳು. “ತಿಂದು ಬಾಯಿ ತೆಗೀರಿ, ನೋಡಾಣ” ಅಂತ ಪ್ರತಿಯೊಬ್ಬರ ಬಾಯಿಯನ್ನೂ ನೋಡಿದಳು, ಹಳೆ ಅಭ್ಯಾಸ.

ಅವಳು ಸರಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಕೊನೆ... ನನ್ನ ಮಗ ತೊಟ್ಟಿಲಲ್ಲಿದ್ದಾಗ ತವರಿನಿಂದ ಸುದ್ದಿ ಬಂತು, ಬೀಜದಜ್ಜಿಗೆ ಲಕ್ವ ಹೊಡೆದಿದೆ, ಮಾತು ಬಿದ್ದುಹೋಗಿದೆ ಅಂತ. ಕೂಸನ್ನು ಎತ್ತಿಕೊಂಡು ಹೋದೆ. ಅವಳ ಬಲಗೈ ಸತ್ತು ಎದೆಯ ಮೇಲೆ ಬಿದ್ದಿತ್ತು, ಆ ದಪ್ಪ ಉಗುರಿನ ಸಮೇತ. ನನ್ನ ಅವ್ವನೇ ಅವಳಿಗೆ ಗಂಜಿ ಕುಡಿಸುತ್ತಿದ್ದಳು. “ಯಾರು ಬಂದ್ರೂ ಗುರುತೇ ಇಲ್ಲ ಕಣೆ. ಗೋಡೆ ನೋಡ್ತಾಳೆ” ಅಂದಳು ಅವ್ವ.

ನಾನು ಅವಳ ಪಕ್ಕ ಕೂತೆ. ಹುಷಾರಾ ಅಂತ ಕೇಳಲು ನಾಚಿಕೆಯಾಯಿತು. ಮೂಲೆಯಲ್ಲಿ ಮೊರದಲ್ಲಿ ಒಂದಿಷ್ಟು ಶೇಂಗಾ ಇತ್ತು. ಮಡಿಲಿಗೆ ಹಾಕಿಕೊಂಡು ಸುಲಿಯತೊಡಗಿದೆ. ಸುಲಿಯುತ್ತಾ ಸುಲಿಯುತ್ತಾ ಬಾಯಿ ತಾನೇ ಶುರು ಮಾಡಿತು. “ಮೂಡಲ ಕಡೆ ಒಬ್ಬ ರಾಜ, ಪಡುವಲ ಕಡೆ ಒಬ್ಬ ರಾಜ, ನಡುವೆ ನಡುಸೀಮೆ ಅಂತ...” ಗಡಿಕಲ್ಲು ನಡೆಸಿದೆ, ಹೆಂಗಸರಿಂದ ದ್ರಾಕ್ಷಿ ಗಿಡ ಕೀಳಿಸಿದೆ, ಮಣ್ಣು ಕೊಡವಿಸಿದೆ, ದಂಡನ್ನು ವಾಪಸ್ಸು ಕಳಿಸಿದೆ. ದೊರೆಸಾನಿ ಕೊಡ ಬಗ್ಗಿಸುವಲ್ಲಿಗೆ ಬಂದು, ಅವಳು ಮಾಡುತ್ತಿದ್ದ ಹಾಗೇ ಎರಡು ಕೈ ಓರೆ ಮಾಡಿ ನಿಲ್ಲಿಸಿದೆ. ಕಾದೆ. ಗೋಡೆ ನೋಡುತ್ತಿದ್ದ ಮುಖ ಮೆಲ್ಲಗೆ ನನ್ನ ಕಡೆ ತಿರುಗಿತು. ತುಟಿ ಒಂದು ಕಡೆಗೆ ಎಳೆಯಿತು. ಬಾಯಿ ತೆರೆಯಲು ನೋಡಿದಳು, ಆಗಲಿಲ್ಲ... ಮತ್ತೆ ನೋಡಿದಳು.

“ಹೂಂ” ಅಂದಳು.

ಹೂಂ ನಡೆಯಲ್ಲ ಅಂದಿದ್ದವಳು ಅವಳೇ. ಅವಳ ಕಣ್ಣ ಮೂಲೆಯಲ್ಲಿ ಒಂದು ನಗೆ ಇತ್ತು, ನಾನು ಬೈಯುತ್ತೇನೇನೋ ಅನ್ನುವ ಹಾಗೆ. “ನಡೀತೈತೆ ಬಿಡಜ್ಜಿ” ಅಂದೆ. ನನಗೆ ಬೇಕಾದ ಹಾಗೆ ಕತೆ ಮುಗಿಸಿದೆ.

ಆ ವರ್ಷದ ಬಿತ್ತನೆಗೆ ಅವಳು ಇರಲಿಲ್ಲ.

ಈಗ ನಮ್ಮ ಪುಟ್ಟಿಯ ವಿಷಯ. ಅವಳು ಹುಟ್ಟಿ ವರ್ಷ ಕಳೆಯಿತು, ಎರಡು ಕಳೆಯಿತು, ಮಾತು ಬರಲಿಲ್ಲ. ನನ್ನ ಸೊಸೆ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ, ಬಹಳ ಒಳ್ಳೆಯ ಹುಡುಗಿ. ಬಟ್ಟೆ ಕೊಡಲು ಬಂದವರೆಲ್ಲ ಅಳತೆಯ ಜೊತೆ ಬುದ್ಧಿಯನ್ನೂ ಕೊಟ್ಟು ಹೋಗುತ್ತಿದ್ದರು. “ಮೊಬೈಲು ಕೊಟ್ಟು ಕೊಟ್ಟು ಹಿಂಗಾಗೈತೆ.” “ಬಜೆ ತೇದು ನಾಲಿಗೆಗೆ ಹಚ್ರಿ.” ಹಚ್ಚಿದೆವು. ಚಿತ್ರದುರ್ಗಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆವು. ಕಿವಿ ಚೆನ್ನಾಗಿ ಕೇಳುತ್ತದೆ, ಮನೆಯವರು ಬಿಡದೆ ಮಾತಾಡಿಸುತ್ತಾ ಇರಿ, ಮತ್ತೆ ಕರೆದುಕೊಂಡು ಬನ್ನಿ ಅಂದರು. ಹೊಳಲ್ಕೆರೆಯಿಂದ ಬಂದ ನಮ್ಮ ನೆಂಟರಾಕೆಯೊಬ್ಬಳು ಊಟಕ್ಕೆ ಕೂತವಳು, “ನಿಮ್ಮ ಸೊಸೆ ಕಡೇರಲ್ಲಿ ಯಾರಾರ ಮಾತು ಬರದೋರು ಇದ್ರಾ?” ಅಂತ ಕೇಳಿಬಿಟ್ಟಳು. ನೀರು ತರುತ್ತಿದ್ದ ಸೊಸೆಗೆ ಅದು ಕೇಳಿಸಿತು. ಚೊಂಬು ಇಟ್ಟು ಒಳಗೆ ಹೋದಳು. ಅವತ್ತು ಸಂಜೆ ನನ್ನ ಹತ್ತಿರ, “ಅತ್ತೆ, ಅವಳು ನನ್ನ ಏನಾದ್ರೂ ಅಂತ ಕರೀಲಿ. ಬೈದು ಕರೀಲಿ. ಒಂದ್ಸಲ ಕರೀಲಿ ಸಾಕು” ಅಂದಳು. ನಾನು ಅವಳ ತಲೆ ಸವರಿದೆ. ನನಗೆ ಗೊತ್ತಿದ್ದ ಔಷಧಿ ಒಂದೇ, ಕತೆ. ಅವತ್ತಿನಿಂದ ದಿನಾ ಮಕ್ಕಳಿಬ್ಬರನ್ನೂ ಕೂರಿಸಿಕೊಂಡು ಹೇಳುತ್ತಲೇ ಬಂದೆ.

ಪುಟ್ಟಿಯ ಅಕ್ಕ, ನಮ್ಮ ದೊಡ್ಡವಳು, ಮೂರನೇ ಕ್ಲಾಸು. ‘ಆಮ್ಯಾಲೆ’ ಅನ್ನುವ ಕೆಲಸ ಅವಳದು. ಈವತ್ತು ಮಧ್ಯಾಹ್ನ ಪಡಸಾಲೆಯಲ್ಲಿ ತವರಿನ ಶೇಂಗಾ ಸುರುವಿಕೊಂಡು ನಾನು ಸುಲಿಯಲು ಕೂತೆ. ಅಕ್ಕತಂಗಿಯರು ಎದುರಿಗೆ ಕೂತರು. ಸೊಸೆ ಒಳಗೆ ಮಷಿನ್ ತುಳಿಯುತ್ತಿದ್ದಳು. ಯಜಮಾನರು ಜಗಲಿಯಲ್ಲಿ ಟವಲು ಮುಖಕ್ಕೆ ಹಾಕಿಕೊಂಡು ಮಲಗಿದ್ದರು.

“ಅಜ್ಜಿ, ದ್ರಾಕ್ಷಿ ಬಳ್ಳಿಯಾಗೆ ಬಿಡ್ತೈತೆ. ನಮ್ಮ ಬುಕ್ಕಲ್ಲೇ ಚಿತ್ರ ಐತೆ” ಅಂದಳು ದೊಡ್ಡವಳು, ಪ್ರತಿ ಸಲದ ಹಾಗೆ.

“ಅದು ಬುಕ್ಕಿನ ದ್ರಾಕ್ಷಿ ಕಣೆ. ಇದು ನಡುಸೀಮೆದು. ಸುಮ್ಕೆ ಕೇಳು” ಅಂದೆ.

ದಂಡು ಬಂತು, ಹೋಯಿತು. ರಾಜರು ಬಂದರು. ದೊರೆಸಾನಿ ಕೊಡ ಎತ್ತಿದಳು, ಬಗ್ಗಿಸಿದಳು... ನಾನು ಕೈ ಓರೆ ಮಾಡಿ ನಿಲ್ಲಿಸಿದೆ. ಆಮ್ಯಾಲೆ ಅನ್ನುವವರೇ ಇಲ್ಲ! ನೋಡಿದರೆ ದೊಡ್ಡವಳ ಎರಡು ಕೆನ್ನೆಯೂ ಊದಿಕೊಂಡಿವೆ. ಕಣ್ಣು ದೊಡ್ಡದು ಮಾಡಿಕೊಂಡು, ಕೈ ಬಾಯಿಗೆ ಅಡ್ಡ ಇಟ್ಟುಕೊಂಡು, ಮೂಗಿನಲ್ಲೇ “ಹೂಂ” ಅಂದಳು.

“ಹೂಂ ನಡೆಯಲ್ಲ” ಅಂದೆ. “ದೊರೆಸಾನಿ ಕೈ ನೋಯ್ತೈತೆ ಕಣ್ರೇ. ಕೊಡ ಭಾರ ಐತೆ. ಹೆಂಡ ಕೊಡದಾಗೂ ಇಲ್ಲ, ಬಟ್ಲಾಗೂ ಇಲ್ಲ...”

ದೊಡ್ಡವಳು ಅಗಿಯುತ್ತಲೇ ಇದ್ದಳು. ಪುಟ್ಟಿ ಸುಲಿಯದ ಒಂದು ಕಾಯಿ ಹಿಡಿದುಕೊಂಡು ನನ್ನ ಕೈ ನೋಡಿದಳು. ಅಕ್ಕನ ಬಾಯಿ ನೋಡಿದಳು. ಮತ್ತೆ ನನ್ನ ಕೈ ನೋಡಿದಳು. ಅವಳ ಹುಬ್ಬು ಗಂಟಾಯಿತು.

“ಆಮ್ಯಾಲೆ?”

ಬಹಳ ಕಾಲ ತೆಗೆಯದೆ ಇದ್ದ ಬಾಗಿಲು ತೆರೆದ ಹಾಗೆ ಸ್ವಲ್ಪ ಗೊಗ್ಗರು ಗೊಗ್ಗರಾಗಿ, ಆದರೆ ಬಾಯಿ ತುಂಬ, ಸ್ಪಷ್ಟವಾಗಿ. ತೆರೆದ ಬಾಯಲ್ಲಿ ಒಂದು ಬೀಜವೂ ಇರಲಿಲ್ಲ. ನೋಡಿದೆ!

ದೊಡ್ಡವಳ ಬಾಯಿಯಿಂದ ಬೀಜಗಳೆಲ್ಲ ಮಡಿಲಿಗೆ ಉದುರಿದವು. ಒಳಗೆ ಮಷಿನ್ ಸದ್ದು ನಿಂತಿತು. ಸೊಸೆ ಕೊರಳಲ್ಲಿ ಅಳತೆ ಟೇಪು ಹಾಕಿಕೊಂಡವಳೇ ಬಾಗಿಲಿಗೆ ಬಂದಳು. “ಯಾರು ಅಂದಿದ್ದು? ಅತ್ತೆ, ಯಾರು ಅಂದಿದ್ದು?”

“ನಾನಲ್ಲವ್ವ! ನನ್ನ ಬಾಯಾಗೆ ಬೀಜ ಇದ್ವು!” ಅಂತ ದೊಡ್ಡವಳು ಕಿರುಚಿದಳು.

ನಾನು ಪುಟ್ಟಿಯನ್ನು ಎದೆಗೆ ಒತ್ತಿಕೊಂಡು ಏನೇನು ಬಡಬಡಿಸಿದೆನೋ, ಆಮೇಲೆ ಸಕ್ಕರೆ ಡಬ್ಬ ತೆಗೆದುಕೊಂಡು ಬೀದಿಗೆ ಓಡಿದೆ.

ವಾಪಸ್ಸು ಬಂದು ನೋಡಿದರೆ ಮನೆ ತುಂಬ ಜನ. “ಅವ್ವ ಅನ್ನು ಪುಟ್ಟಿ.” “ಅಜ್ಜಿ ಅನ್ನು.” “ಒಂದ್ಸಲ ಅನ್ನೇ, ನನ್ನ ಬಂಗಾರ.” ಅವಳು ತುಟಿ ಬಿಗಿದು ಅವ್ವನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಸಂಜೆಯವರೆಗೂ ಒಂದಕ್ಷರ ಇಲ್ಲ. “ನಿಮ್ಗೆಲ್ಲಾ ಕೇಳಿಸಿದಂಗೆ ಆಗಿರ್ಬೇಕು” ಅಂದರು ಯಜಮಾನರು, ತಾವು ಮಲಗಿದ್ದು ಆ ಮಾತು ತಪ್ಪಿಸಿಕೊಂಡ ಸಿಟ್ಟಿಗೆ. ಜನ ಹೋದ ಮೇಲೆ ಸೊಸೆ ಅಡಿಗೆಮನೆಯಲ್ಲಿ ನನ್ನ ಕೈ ಹಿಡಿದುಕೊಂಡಳು. “ಅತ್ತೆ, ನಾವು ಕೇಳಿದ್ದು ನಿಜ ತಾನೆ? ಇನ್ನೊಂದ್ಸಲ ಅಂತಾಳೆ ತಾನೆ?” ನನಗೂ ಒಳಗೆ ಹೆದರಿಕೆ ಶುರುವಾಗಿತ್ತು, ತೋರಿಸಿಕೊಳ್ಳಲಿಲ್ಲ.

ಹೋಳಾದ ಬೀಜಗಳನ್ನು ಪಾಯಸಕ್ಕೆ ಆರಿಸುತ್ತಾ ಕೂತೆ. ಬೀಜದಜ್ಜಿಯ ಮನೆ ಈಗಿಲ್ಲ. ಗೋಡೆ ಬಿದ್ದು, ಆ ಜಾಗದಲ್ಲಿ ನನ್ನ ತಮ್ಮ ಮೇವಿನ ಬಣವೆ ಹಾಕುತ್ತಾನೆ. ಅವಳದೊಂದು ಫೋಟೋ ಕೂಡ ಇಲ್ಲ. ಇಂಥ ದಿನ ಓಡಿಹೋಗಿ ಸುದ್ದಿ ಹೇಳಬೇಕಾದವಳು ಅವಳು, ಎಲ್ಲಿಗೆ ಅಂತ ಓಡಲಿ... ಅವಳಿದ್ದಿದ್ದರೆ ಏನು ಮಾಡುತ್ತಿದ್ದಳು ಅಂತ ಯೋಚಿಸಿದೆ. ಅವಳು ಯಾವತ್ತೂ ಯಾರನ್ನೂ ಮಾತಾಡು ಅಂತ ಪೀಡಿಸಿದವಳಲ್ಲ. ಕತೆ ಹೇಳಿ ಕಾಯುತ್ತಿದ್ದಳು. ಆಗ ಫಕ್ಕನೆ ನೆನಪಾಯಿತು. ಅಯ್ಯೋ, ದೊರೆಸಾನಿ! ಮಧ್ಯಾಹ್ನದಿಂದ ಕೊಡ ಬಗ್ಗಿಸಿಕೊಂಡು ನಿಂತೇ ಇದ್ದಾಳೆ. ಮಗು ಆಮ್ಯಾಲೆ ಅಂತ ಕೇಳಿತು, ನಾನು ಉತ್ತರ ಕೊಡದೆ ಸಕ್ಕರೆ ಹಂಚಲು ಓಡಿದೆ. ಪುಟ್ಟಿ ಸಿಟ್ಟು ಮಾಡಿಕೊಂಡದ್ದು ಸರಿಯೇ.

ದೀಪ ಹಚ್ಚುವ ಹೊತ್ತಿಗೆ ಮಗ ಕೆಲಸ ಮುಗಿಸಿ ಬಂದ. ಫೋನಿನಲ್ಲಿ ಸುದ್ದಿ ಕೇಳಿ ಬೇಗ ಬಂದಿದ್ದ, ಖಾಕಿ ಶರಟನ್ನೂ ತೆಗೆಯದೆ ಮಗಳ ಮುಂದೆ ಕೂತ. “ಏನೂ ಕೇಳಬ್ಯಾಡ ಕಣಪ್ಪ” ಅಂದೆ. “ಬರ್ರಿ ಎಲ್ಲಾರೂ. ಕುಂತ್ಕಳ್ರಿ, ಉಣ್ಣಾಣ.”

ಸಾಲಾಗಿ ಕೂತರು. ಯಜಮಾನರು, ಮಗ, ದೊಡ್ಡವಳು, ಪುಟ್ಟಿ, ಅವಳ ಪಕ್ಕ ಸೊಸೆ. ಮುದ್ದೆ ಬಡಿಸಿದೆ, ಹುರುಳಿಕಾಳಿನ ಸಾರು ಬಿಟ್ಟೆ. ಕೊನೆಗೆ ಬೆಲ್ಲ, ಶೇಂಗಾ ಹಾಕಿದ ಪಾಯಸದ ಪಾತ್ರೆ ತಂದು ನಿಂತೆ. ಯಾರ ಮುಖವನ್ನೂ ನೋಡದೆ ಹೇಳಿದೆ.

“ಈ ಕಡೆ ಒಬ್ಬ ರಾಜ, ಆ ಕಡೆ ಒಬ್ಬ ರಾಜ. ದೊರೆಸಾನಿ ಕೊಡ ಬಗ್ಗಿಸಿದ್ಲು...” ಸೌಟು ತುಂಬಿ ಪುಟ್ಟಿಯ ತಟ್ಟೆಯ ಮೇಲೆ ಓರೆ ಮಾಡಿ, ಹಾಗೇ ಹಿಡಿದೆ.

ದೊಡ್ಡವಳು ಬಾಯಿ ತೆರೆದಳು. ಸೊಸೆ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. ಯಜಮಾನರು ಎತ್ತಿದ ತುತ್ತನ್ನು ಎತ್ತಿಕೊಂಡೇ ಇದ್ದರು. ಮಗ ಸಾರಿನಲ್ಲಿ ಅದ್ದಿದ ಕೈಯನ್ನು ತೆಗೆಯಲಿಲ್ಲ. ನಮ್ಮ ಮನೆಯೇ ನಡುಸೀಮೆಯಾಗಿತ್ತು, ಎಲ್ಲರೂ ಇದ್ದ ಹಾಗೇ ನಿಂತುಬಿಟ್ಟಿದ್ದರು. ಸೌಟಿನ ತುದಿಯಲ್ಲಿ ಪಾಯಸದ ಒಂದು ಹನಿ ಬೀಳಲೋ ಬೇಡವೋ ಅನ್ನುತ್ತಿತ್ತು.

ಪುಟ್ಟಿ ಆ ಹನಿಯನ್ನೇ ನೋಡುತ್ತಿದ್ದಳು.

“ಆಮ್ಯಾಲೆ?” ಅಂದಳು. ಸೊಸೆಯ ತೋಳು ಹಿಡಿದು ಎಳೆದು, ನನ್ನಿಂದ ಉತ್ತರ ಕೊಡಿಸು ಅನ್ನುವ ಹಾಗೆ, “ಅವ್ವಾ... ಆಮ್ಯಾಲೆ?”

“ಆಮ್ಯಾಲೆ ಏನು ಗೊತ್ತೇನೆ?” ಅಂದೆ. “ದೊರೆಸಾನಿ ಕೊಡ ಕೆಳಗಿಟ್ಲು. ‘ಹಸ್ಕಂಡು ಬಂದೋರಿಗೆ ಹೆಂಡ ಕೊಡಲ್ಲ, ಮೊದ್ಲು ಊಟ’ ಅಂದ್ಲು. ಇಬ್ರು ರಾಜರನ್ನೂ ಒಂದೇ ಸಾಲಾಗೆ ಕುಂದ್ರಿಸಿದ್ಲು. ತಾನೂ ಕುಂತ್ಲು. ಎಲ್ಲಾರೂ ಉಂಡ್ರು.”

ಸೌಟು ಬಗ್ಗಿಸಿದೆ. ಎಲ್ಲರೂ ಉಂಡೆವು.